“ಗಿಯರ್ ಹೋಗಿದೆ, ಸ್ವಾಮಿ!”

ಅಟ್ಟದ ಮೇಲೆ ವರ್ಷಗಟ್ಟಲೆ ಧೂಳು ತಿಂದು ಮಲಗಿದ್ದ ತಾತನ ಸೈಕಲ್ಲನ್ನು ಮೊಮ್ಮಗನು ಕೆಳಗಿಳಿಸಿ, ಒರೆಸಿ, ಟೈರು ಟ್ಯೂಬುಗಳನ್ನು ಹೊಸದಾಗಿ ಹಾಕಿಸಲೆಂದು ಷಾಪಿಗೆ ತಳ್ಳಿಕೊಂಡು ಹೋಗುತ್ತಾನೆ. ಕಪ್ಪು ಬಣ್ಣದ ರ್ಯಾಲೆ ಸೈಕಲ್ಲು. ಹ್ಯಾಂಡಲ್ಲಿನ ಬಲಗಡೆ ಹೆಬ್ಬೆರಳಿನಷ್ಟು ದೊಡ್ಡ ಲಿವರು. ಅದರಿಂದ ಹೊರಟ ಸಣ್ಣ ತಂತಿಯೊಂದು ಬಾರಿನ ಉದ್ದಕ್ಕೂ ಹರಿದು ಹಿಂದಿನ ಚಕ್ರದ ನಡುವನ್ನು ಹೊಕ್ಕಿದೆ. ಮೆಕಾನಿಕ್ಕನು ಹಿಂದಿನ ಚಕ್ರವನ್ನು ನೆಲ ಬಿಟ್ಟೆತ್ತಿ ಪೆಡಲನ್ನು ಕೈಯಿಂದ ತಿರುಗಿಸುತ್ತಾನೆ. ಪೆಡಲು ಗಿರ್ರನೆ ತಿರುಗುತ್ತದೆ. ಚಕ್ರ ಮಾತ್ರ ಕದಲುವುದಿಲ್ಲ. “ಗಿಯರ್ ಹೋಗಿದೆ, ಸ್ವಾಮಿ. ಇದಕ್ಕೆ ಸಾಮಾನು ಎಲ್ಲಿ ಸಿಗುತ್ತೆ? ಇದನ್ನ ತೆಗೆದು ಸಾದಾ ಹಬ್ ಹಾಕಿಬಿಡ್ತೀನಿ.”

ವಿಚಾರಣೆಯಿಲ್ಲದೆ ತೀರ್ಪು ಹೊರಬಿತ್ತು. ಸಂಜೆಯ ವೇಳೆಗೆ ಹೊಸ ಹಬ್ಬು ಏರುತ್ತದೆ. ಹಳೆಯದು ಗುಜರಿಯ ಡಬ್ಬಕ್ಕೆ ಬೀಳುತ್ತದೆ. ಸೈಕಲ್ಲು ಓಡುತ್ತದೆ, ನಿಜ. ಆದರೆ ತಾತನು ಏರುರಸ್ತೆಯಲ್ಲಿ ಇಳಿಯದೆ, ಏದುಸಿರು ಬಿಡದೆ ಹತ್ತುತ್ತಿದ್ದ ಆ ಸೈಕಲ್ಲು ಅದಲ್ಲ.

ಇಂಥ ತೀರ್ಪುಗಳಲ್ಲಿ ಬಹುಪಾಲು ತಪ್ಪು ತೀರ್ಪುಗಳೇ. ಹಬ್ಬಿನೊಳಗಿನ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಹೊರಗಿನ ತಂತಿ; ಅದೂ ಎಷ್ಟೋ ಸಲ ಕೆಟ್ಟಿರುವುದಿಲ್ಲ, ಎಳ್ಳಷ್ಟು ಸಡಿಲವಾಗಿರುತ್ತದೆ, ಅಷ್ಟೆ. ಎರಡು ನಿಮಿಷದ ಕೆಲಸ. ಸ್ಪ್ಯಾನರು ಕೂಡ ಬೇಡ.

ನಾಟಿಂಗ್‌ಹ್ಯಾಮಿನ ಕೂಸು

ಈ ಬಗೆಯ ಹಬ್ಬುಗಳಲ್ಲಿ ಜಗತ್ಪ್ರಸಿದ್ಧವಾದದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಹುಟ್ಟಿದ ‘ಸ್ಟರ್ಮಿ-ಆರ್ಚರ್’. ಅದರ ಜನ್ಮವೃತ್ತಾಂತದಲ್ಲಿ ಒಂದು ಕಾದಂಬರಿಗೆ ಬೇಕಾದಷ್ಟು ಸಾಮಗ್ರಿಯಿದೆ. ಹಾಂಗ್‌ಕಾಂಗಿನಲ್ಲಿ ಸಂಪತ್ತನ್ನು ಗಳಿಸಿ, ಆರೋಗ್ಯವನ್ನು ಕಳೆದುಕೊಂಡು ಸ್ವದೇಶಕ್ಕೆ ಮರಳಿದ ಫ್ರಾಂಕ್ ಬೌಡನ್ ಎಂಬಾತನಿಗೆ ವೈದ್ಯರು ಸೈಕಲ್ ಸವಾರಿಯನ್ನು ಮದ್ದಾಗಿ ವಿಧಿಸಿದರಂತೆ. ಮದ್ದು ಹಿಡಿಯಿತು. ಆತ ತನಗೆ ಸೈಕಲ್ಲು ಮಾಡಿಕೊಟ್ಟ ರ್ಯಾಲೆ ಬೀದಿಯ ಸಣ್ಣ ಕಾರ್ಯಾಗಾರವನ್ನೇ ಕೊಂಡುಕೊಂಡು ೧೮೮೮ರಲ್ಲಿ ರ್ಯಾಲೆ ಕಂಪನಿಯನ್ನು ಸ್ಥಾಪಿಸಿದ.

ಬೌಡನ್ನನು ೧೯೦೨ರಲ್ಲಿ ಮೂರು ವೇಗದ ಹಬ್ಬನ್ನು ತಯಾರಿಸುವ ಸಂಸ್ಥೆಯನ್ನು ಕಟ್ಟಿದಾಗ ಎರಡು ಹೆಸರುಗಳು ಒಂದುಗೂಡಿದವು. ಹೆನ್ರಿ ಸ್ಟರ್ಮಿ ಸೈಕಲ್ ಪತ್ರಿಕೆಯ ಸಂಪಾದಕ, ಆ ಕಾಲದಲ್ಲಿ ಸೈಕಲ್ಲಿನ ವಿಷಯವಾಗಿ ಆತ ಬರೆದದ್ದೇ ವೇದವಾಕ್ಯ. ಜೇಮ್ಸ್ ಆರ್ಚರ್ ಯಂತ್ರಕುಶಲಿ. ಹಬ್ಬಿನ ಮೇಲೆ ಕೆತ್ತಿದ್ದು ಈ ಇಬ್ಬರ ಹೆಸರನ್ನು. ಆದರೆ ಅದರ ಒಳಗಿನ ಬುದ್ಧಿ ಮುಖ್ಯವಾಗಿ ಮೂರನೆಯವನದು. ಆತ ವಿಲಿಯಂ ರೈಲಿ ಎಂಬ ಇಂಜಿನಿಯರು. ಇದಕ್ಕೆ ಹಿಂದೆ ಎರಡು ವೇಗದ ಹಬ್ಬೊಂದನ್ನು ರಚಿಸಿ ಬೇರೊಂದು ಕಂಪನಿಗೆ ಕಟ್ಟುಬಿದ್ದಿದ್ದ ರೈಲಿಯು ಹೊಸ ರಚನೆಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸುವಂತಿರಲಿಲ್ಲ; ಆದುದರಿಂದ ಪೇಟೆಂಟು ಆರ್ಚರನ ಹೆಸರಿನಲ್ಲಾಯಿತು. ಹೀಗೆ ಹಡೆದವನ ಹೆಸರನ್ನು ಬಿಟ್ಟು ಸಾಕಿದವರ ಹೆಸರನ್ನು ಹೊತ್ತುಕೊಂಡ ಈ ಹಬ್ಬು ೧೯೦೩ರಲ್ಲಿ ಮಾರುಕಟ್ಟೆಗೆ ಬಂದಿತು. ಅಲ್ಲಿಂದ ಮುಂದೆ ನಾನಾ ರೂಪಗಳನ್ನು ತಾಳಿ, ೧೯೩೦ರ ದಶಕದ ಉತ್ತರಾರ್ಧದಲ್ಲಿ ‘ಎ. ಡಬ್ಲ್ಯು.’ ಎಂಬ ಮಾದರಿಯಾಗಿ ಸ್ಥಿರವಾಯಿತು. ಅಟ್ಟದಿಂದ ಇಳಿಯುವ ಹಬ್ಬುಗಳಲ್ಲಿ ಹೆಚ್ಚಿನವು ಈ ಮಾದರಿಯವೇ.

ರ್ಯಾಲೆ ಎಂಬ ಹೆಸರು ನಮ್ಮವರಿಗೆ ಹೊಸದಲ್ಲ. ಸ್ವಾತಂತ್ರ್ಯಾನಂತರ ಪಶ್ಚಿಮ ಬಂಗಾಳದ ಆಸನ್‌ಸೋಲಿನಲ್ಲಿ ಸೇನ್-ರ್ಯಾಲೆ ಕಾರ್ಖಾನೆಯು ತಲೆಯೆತ್ತಿದ ಮೇಲಂತೂ ಅದು ಮನೆಮಾತೇ ಆಯಿತು. ಆದರೆ ಭಾರತದ ರಸ್ತೆಗಳಲ್ಲಿ ಓಡಿದ್ದು ಬಹುಮಟ್ಟಿಗೆ ಒಂದೇ ವೇಗದ ಸಾದಾ ಸೈಕಲ್ಲು. ಮೂರು ವೇಗದ ಹಬ್ಬು ಇಲ್ಲಿ ಅನುಕೂಲಸ್ಥರ ಭೋಗವಾಗಿತ್ತು. ಆದಕಾರಣವೇ ಅದನ್ನು ಬಿಚ್ಚಿ ಕಟ್ಟಿ ಕೈ ಪಳಗಿಸಿಕೊಳ್ಳುವ ಅವಕಾಶ ನಮ್ಮ ಮೆಕಾನಿಕ್ಕರಿಗೆ ಅಷ್ಟಾಗಿ ಒದಗಲಿಲ್ಲ. ಅವರನ್ನು ದೂರಿ ಫಲವಿಲ್ಲ.

ಹಳೆಯ ಹಬ್ಬನ್ನು ಒರೆಸಿ ನೋಡಿದರೆ ಮಾದರಿಯ ಅಕ್ಷರಗಳ ಜೊತೆಗೆ ಕೆಲವು ಅಂಕಿಗಳು ಕಾಣುತ್ತವೆ. ೫೮ ಎಂದೂ ಪಕ್ಕದಲ್ಲಿ ೭ ಎಂದೂ ಇದ್ದರೆ ಆ ಹಬ್ಬು ತಯಾರಾದದ್ದು ೧೯೫೮ರ ಜುಲೈ ತಿಂಗಳಿನಲ್ಲಿ. ಸೈಕಲ್ಲಿನ ಜಾತಕವನ್ನು ಇಷ್ಟು ಸುಲಭವಾಗಿ ಓದುವ ಸೌಕರ್ಯ ಬೇರೆ ಭಾಗಗಳಲ್ಲಿಲ್ಲ.

ಚಕ್ರದೊಳಗಿನ ಗ್ರಹಮಂಡಲ

ಮುಷ್ಟಿಯಲ್ಲಿ ಹಿಡಿಯಬಹುದಾದ ಈ ಡಬ್ಬಿಯೊಳಗೆ ಅಡಗಿರುವುದೇನು? ನಡುವೆ ಆಕ್ಸಲ್ಲಿನೊಂದಿಗೆ ಒಂದಾಗಿ, ಎಂದೂ ತಿರುಗದೆ ನಿಂತ ೨೦ ಹಲ್ಲುಗಳ ಚಕ್ರವೊಂದಿದೆ. ಅದಕ್ಕೆ ಸೂರ್ಯಚಕ್ರವೆಂದು ಹೆಸರು. ಅದರ ಸುತ್ತ ೨೦ ಹಲ್ಲುಗಳ ನಾಲ್ಕು ಗ್ರಹಚಕ್ರಗಳು ಒಂದು ಚೌಕಟ್ಟಿನಲ್ಲಿ ಕುಳಿತು ಪ್ರದಕ್ಷಿಣೆ ಮಾಡುತ್ತವೆ. ಇವೆಲ್ಲವನ್ನೂ ಬಳಸಿಕೊಂಡು ಒಳಮೈಯಲ್ಲಿ ೬೦ ಹಲ್ಲುಗಳಿರುವ ಬಳೆಯೊಂದಿದೆ. ದೇವಾಲಯದ ನವಗ್ರಹ ಸನ್ನಿಧಿಯಲ್ಲಿ ಸೂರ್ಯನು ನಡುವೆ ನಿಂತಿರುವಂತೆಯೇ ಇಲ್ಲಿಯ ವ್ಯವಸ್ಥೆ. ಗ್ರಹಗಳ ಸಂಖ್ಯೆ ಮಾತ್ರ ಕಡಿಮೆ.

ಹಲ್ಲುಗಳ ಲೆಕ್ಕದಂತೆ, ಗ್ರಹಗಳ ಚೌಕಟ್ಟು ಮೂರು ಸುತ್ತು ಬಂದರೆ ಹೊರಗಿನ ಬಳೆ ನಾಲ್ಕು ಸುತ್ತು ಬರುತ್ತದೆ. ಈ ಒಂದೇ ಸೂತ್ರದಿಂದ ಮೂರು ವೇಗಗಳೂ ಹುಟ್ಟುತ್ತವೆ. ಸರಪಣಿಯ ಬಲವನ್ನು ಚೌಕಟ್ಟಿಗೆ ಕೊಟ್ಟು, ಬಳೆಯಿಂದ ಚಕ್ರವನ್ನು ತಿರುಗಿಸಿದರೆ ಸರಪಣಿಯ ಮೂರು ಸುತ್ತಿಗೆ ಚಕ್ರದ ನಾಲ್ಕು ಸುತ್ತು. ಇದು ಇಳಿಜಾರಿಗೂ ಬೆನ್ನುಗಾಳಿಗೂ ತಕ್ಕ ಮೂರನೆಯ ಗಿಯರು. ಅದನ್ನೇ ತಿರುವುಮುರುವು ಮಾಡಿ, ಬಲವನ್ನು ಬಳೆಗೆ ಕೊಟ್ಟು ಚೌಕಟ್ಟಿನಿಂದ ಚಕ್ರವನ್ನು ತಿರುಗಿಸಿದರೆ ನಾಲ್ಕು ಸುತ್ತಿಗೆ ಮೂರೇ ಸುತ್ತು. ಇದು ಏರುರಸ್ತೆಯ ಬಂಧುವಾದ ಒಂದನೆಯ ಗಿಯರು. ಬಲವನ್ನು ಬಳೆಗೆ ಕೊಟ್ಟು ಬಳೆಯಿಂದಲೇ ಪಡೆದರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಾದಾ ಸೈಕಲ್ಲಿನಂಥ ಎರಡನೆಯ ಗಿಯರು.

ಬಲವನ್ನು ಇಲ್ಲಿಂದ ಅಲ್ಲಿಗೆ ಒಯ್ಯುವ ಕೆಲಸ ಕ್ಲಚ್ಚಿನದು. ಅದು ಆಕ್ಸಲ್ಲಿನ ಮೇಲೆ ಅತ್ತಿಂದಿತ್ತ ಜಾರುವ ಉಕ್ಕಿನ ತುಂಡು. ಅದನ್ನು ಒಂದು ಕಡೆಗೆ ಎಳೆಯುವುದು ತಂತಿಯ ತುದಿಯ ಕಿರುಸರಪಣಿ. ಮರಳಿ ತಳ್ಳುವುದು ಒಳಗಿನ ಸ್ಪ್ರಿಂಗು. ತಂತಿ ಪೂರಾ ಸಡಿಲವಾದಾಗ ಮೂರನೆಯ ಗಿಯರು, ಅರ್ಧ ಎಳೆದಾಗ ಎರಡನೆಯದು, ಪೂರ್ತಿ ಎಳೆದಾಗ ಒಂದನೆಯದು. ದಾರಿಯಲ್ಲಿ ತಂತಿ ಕಡಿದುಹೋದರೂ ಸವಾರನು ನಡೆದು ಮನೆ ಸೇರಬೇಕಾಗಿಲ್ಲ. ಸ್ಪ್ರಿಂಗು ಕ್ಲಚ್ಚನ್ನು ಮೂರನೆಯ ಗಿಯರಿಗೆ ತಳ್ಳುತ್ತದೆ, ತುಳಿತ ಭಾರವಾದರೂ ಸೈಕಲ್ಲು ಓಡುತ್ತದೆ.

ಇನ್ನು ಆ ‘ಟಿಕ್ ಟಿಕ್’ ಸದ್ದು. ಮೊದಲ ಸಲ ಈ ಸೈಕಲ್ಲನ್ನು ಹತ್ತಿದವರು ತುಳಿಯುವಾಗಲೂ ಒಳಗಿನಿಂದ ಗಡಿಯಾರದ ಸದ್ದು ಕೇಳಿ ಗಾಬರಿಯಾಗುವುದುಂಟು. ಫ್ರೀವೀಲಿನಲ್ಲಿರುವಂತೆ ಹಬ್ಬಿನೊಳಗೂ ಸ್ಪ್ರಿಂಗಿನ ಬಲದಿಂದ ಮೇಲೆದ್ದು ನಿಲ್ಲುವ ಉಕ್ಕಿನ ಕಿರುನಾಲಗೆಗಳಿವೆ. ಬಳೆಯಲ್ಲಿ ಒಂದು ಜೊತೆ, ಚೌಕಟ್ಟಿನಲ್ಲಿ ಒಂದು ಜೊತೆ. ಎರಡನೆಯ ಮತ್ತು ಮೂರನೆಯ ಗಿಯರುಗಳಲ್ಲಿ ಚಕ್ರವು ಚೌಕಟ್ಟಿಗಿಂತ ವೇಗವಾಗಿ ತಿರುಗುವುದರಿಂದ ಅದರ ನಾಲಗೆಗಳು ಹಲ್ಲುಗಳ ಮೇಲೆ ಟಿಕ್ಕೆನ್ನುತ್ತ ಸಾಗುತ್ತವೆ. ಒಂದನೆಯ ಗಿಯರಿನಲ್ಲಿ ತುಳಿಯುವಾಗ ನಿಶ್ಶಬ್ದ. ಸದ್ದು ರೋಗವಲ್ಲ, ಆರೋಗ್ಯದ ಲಕ್ಷಣ.

ಎರಡಕ್ಕೂ ಮೂರಕ್ಕೂ ನಡುವಣ ಹಳ್ಳ

ಎ. ಡಬ್ಲ್ಯು. ಹಬ್ಬಿನ ಗುಣಗಳು ಅನೇಕ; ದೋಷ ಒಂದೇ. ಆದರೆ ಅದು ಮೊಣಕಾಲು ಒಡೆಯುವ ದೋಷ. ಎರಡನೆಯ ಗಿಯರನ್ನು ಬಿಟ್ಟು ಮೂರನೆಯದಕ್ಕೆ ಜಾರುವಾಗ ಕ್ಲಚ್ಚು ಬಳೆಯನ್ನೂ ಹಿಡಿಯದೆ ಚೌಕಟ್ಟನ್ನೂ ಹಿಡಿಯದೆ ಇರುವ ಒಂದು ಕಿರಿದಾದ ಸ್ಥಾನವಿದೆ. ಅಲ್ಲಿ ಪೆಡಲಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ತಂತಿ ಸರಿಯಾಗಿದ್ದಾಗ ಕ್ಲಚ್ಚು ಅದನ್ನು ಕಣ್ಣು ಮಿಟುಕಿಸುವುದರೊಳಗೆ ದಾಟಿಬಿಡುತ್ತದೆ; ಸವಾರನಿಗೆ ಅದು ಇರುವುದೇ ತಿಳಿಯದು. ತಂತಿ ಸ್ವಲ್ಪ ಸಡಿಲವಾಯಿತೆಂದರೆ ಎರಡನೆಯ ಗಿಯರಿನಲ್ಲಿರಬೇಕಾದ ಕ್ಲಚ್ಚು ಹಳ್ಳದ ಅಂಚಿಗೆ ಬಂದು ನಿಲ್ಲುತ್ತದೆ.

ಸವಾರನು ಏರಿನಲ್ಲಿ ಸೀಟು ಬಿಟ್ಟೆದ್ದು ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕುತ್ತಾನೆ. ಆ ಕ್ಷಣದಲ್ಲಿ ಕ್ಲಚ್ಚು ಜಾರುತ್ತದೆ. ಹತ್ತುತ್ತಿದ್ದ ಮೆಟ್ಟಿಲು ಕಾಲ ಕೆಳಗೆ ಇಲ್ಲದಂತಾಗುತ್ತದೆ. ಕಾಲು ಸರ್ರನೆ ಕೆಳಕ್ಕಿಳಿದು, ಎದೆಯೋ ಮೊಣಕಾಲೋ ಹ್ಯಾಂಡಲ್ಲಿಗೆ ಬಡಿದು, ಹಿಂದಿನಿಂದ ವಾಹನ ಬರುತ್ತಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಮಕ್ಕಳ ಕೈಗೆ ಇಂಥ ಸೈಕಲ್ಲನ್ನು ಕೊಡುವ ಮೊದಲು ಹಿರಿಯರು ತಂತಿಯನ್ನು ಪರೀಕ್ಷಿಸಲೇಬೇಕು. ಷಾಪಿನಲ್ಲಿ ಪೆಡಲು ಗಿರ್ರನೆ ತಿರುಗಿದ್ದೂ ಈ ಹಳ್ಳದಲ್ಲಿಯೇ. ಅದನ್ನು ನೋಡಿ ಯಂತ್ರವೇ ಮುರಿದಿದೆಯೆಂದು ತಿಳಿದದ್ದು ಪ್ರಮಾದ.

ಕಿಟಕಿಯಲ್ಲಿ ಇಣುಕಿ ನೋಡಿ

ತಂತಿ ಸರಿಯಾಗಿದೆಯೇ ಎಂದು ತಿಳಿಯಲು ತಯಾರಕರು ಒಂದು ಸೊಗಸಾದ ಉಪಾಯವನ್ನು ಇಟ್ಟಿದ್ದಾರೆ. ಹಿಂದಿನ ಚಕ್ರದ ಬಲಗಡೆಯ ನಟ್ಟು ಸಾಮಾನ್ಯ ನಟ್ಟಿಗಿಂತ ಉದ್ದವಾಗಿದ್ದು, ಅದರ ಪಕ್ಕದಲ್ಲಿ ದುಂಡನೆಯ ಕಿಂಡಿಯೊಂದಿರುತ್ತದೆ. ಲಿವರನ್ನು ಎರಡನೆಯ ಗಿಯರಿನಲ್ಲಿಟ್ಟು, ಪೆಡಲನ್ನು ಹಿಂದೆ ಮುಂದೆ ಸ್ವಲ್ಪ ಆಡಿಸಿ, ಆ ಕಿಂಡಿಯಲ್ಲಿ ನೋಡಬೇಕು. ಟೊಳ್ಳಾದ ಆಕ್ಸಲ್ಲಿನ ತುದಿ ಅಲ್ಲಿ ಕಾಣುತ್ತದೆ. ಅದರೊಳಗಿನಿಂದ ಹೊರಬರುವ ಕಡ್ಡಿಯ ತುದಿಯೂ ಕಾಣುತ್ತದೆ. ಕಿರುಸರಪಣಿ ಸೇರಿಕೊಂಡಿರುವುದು ಈ ಕಡ್ಡಿಗೆ. ಎರಡು ತುದಿಗಳೂ ಸರಿಸಮವಾಗಿದ್ದರೆ ತಂತಿ ಸರಿಯಾಗಿದೆ. ಕಡ್ಡಿಯ ತುದಿ ಒಳಗೇ ಉಳಿದಿದ್ದರೆ ತಂತಿ ಸಡಿಲ. ಹೊರಕ್ಕೆ ಚಾಚಿದ್ದರೆ ಅತಿಬಿಗಿ.

ತಿದ್ದುವ ಕ್ರಮವೂ ಅಷ್ಟೇ ಸರಳ. ತಂತಿಯು ಕಿರುಸರಪಣಿಯನ್ನು ಕೂಡುವಲ್ಲಿ ಕೊಳವೆಯಂಥ ತಿರುಪು ಇದೆ, ಅದಕ್ಕೊಂದು ಪುಟ್ಟ ನಟ್ಟು ಇದೆ. ನಟ್ಟನ್ನು ಬೆರಳಿನಿಂದ ಸಡಿಲಿಸಿ, ಕೊಳವೆಯನ್ನು ತಿರುಗಿಸುತ್ತ ಕಿಂಡಿಯಲ್ಲಿ ನೋಡುತ್ತ ಹೋಗಿ, ತುದಿಗಳು ಸಮವಾದ ಕೂಡಲೆ ನಟ್ಟನ್ನು ಮತ್ತೆ ಬಿಗಿಯಬೇಕು. ಆಮೇಲೆ ಒಂದನೆಯ ಗಿಯರಿಗೆ ಒಮ್ಮೆ ಎಳೆದು, ಮೂರಕ್ಕೆ ಬಿಟ್ಟು, ಎರಡಕ್ಕೆ ತಂದು ಮತ್ತೊಮ್ಮೆ ಇಣುಕುವುದು ಒಳ್ಳೆಯದು. ಜಪಾನಿನ ಶಿಮಾನೊ ಕಂಪನಿಯ ಏಳೆಂಟು ವೇಗದ ಇಂದಿನ ಹಬ್ಬುಗಳಲ್ಲಿಯೂ ಇದೇ ತತ್ತ್ವ. ಅಲ್ಲಿ ಲಿವರನ್ನು ನಾಲ್ಕನೆಯ ಗಿಯರಿನಲ್ಲಿಟ್ಟಾಗ ಹಬ್ಬಿನ ಪಕ್ಕದ ಎರಡು ಬಣ್ಣದ ಗುರುತುಗಳು ಒಂದೇ ಗೆರೆಯಲ್ಲಿ ಕೂಡಬೇಕು.

ಗಿಯರುಗಳು ತಾವಾಗಿಯೇ ರೋಗವನ್ನು ಹೇಳುತ್ತವೆ. ಒಂದನೆಯ ಗಿಯರು ಬೀಳದಿದ್ದರೆ ತಂತಿ ಸಡಿಲವಾಗಿದೆ. ಮೂರನೆಯದು ಬೀಳದಿದ್ದರೆ ತಂತಿ ಅತಿಬಿಗಿಯಾಗಿದೆ, ಇಲ್ಲವೆ ತುಕ್ಕು ಹಿಡಿದು ಹೊರಕವಚದೊಳಗೆ ಕಚ್ಚಿಕೊಂಡಿದೆ. ಲಿವರನ್ನು ಒಂದರಿಂದ ಮೂರಕ್ಕೆ ಬಿಟ್ಟಾಗ ತಂತಿ ಜೋಲುಬಿದ್ದು ಸ್ವಲ್ಪ ಹೊತ್ತಿನ ಮೇಲೆ ನಿಧಾನವಾಗಿ ಒಳಗೆಳೆದುಕೊಂಡರೆ ಸ್ಪ್ರಿಂಗಿಗೆ ಎದುರಾಗಿ ಏನೋ ಒರಸುತ್ತಿದೆಯೆಂದೇ ಅರ್ಥ.

ಸರಿಪಡಿಸಿದ ಮರುದಿನವೇ ತಂತಿ ಮತ್ತೆ ಸಡಿಲವಾಯಿತೆಂದು ಗೊಣಗುವವರು ಒಮ್ಮೆ ಬಾರಿನ ಮೇಲೆ ಕಣ್ಣು ಹಾಯಿಸಬೇಕು. ಹೊರಕವಚದ ತುದಿಯನ್ನು ಹಿಡಿದು ನಿಲ್ಲಿಸಿರುವ ಕ್ಲಿಪ್ಪೊಂದು ಅಲ್ಲಿದೆ. ಅದರ ಸ್ಕ್ರೂ ಸಡಿಲವಾಗಿದ್ದರೆ ಲಿವರನ್ನು ಎಳೆದಾಗಲೆಲ್ಲ ಕ್ಲಿಪ್ಪು ಕೂದಲೆಳೆಯಷ್ಟು ಹಿಂದಕ್ಕೆ ಜರುಗುತ್ತದೆ. ಬಣ್ಣದ ಮೇಲೆ ಅದು ಜರುಗಿದ ಗೀರು ಎದ್ದು ಕಾಣುತ್ತದೆ. ನಿಜವಾದ ಅಪರಾಧಿ ಹೀಗೆ ಬಾರಿನ ಮೇಲೆ ಹಾಯಾಗಿ ಕುಳಿತಿರುವಾಗ ಹಬ್ಬು ಶಿಕ್ಷೆಯನ್ನು ಅನುಭವಿಸುತ್ತದೆ. ಕ್ಲಿಪ್ಪಿನ ಕೆಳಗೆ ಹಳೆಯ ಟ್ಯೂಬಿನ ತುಂಡೊಂದನ್ನು ಸುತ್ತಿ ಬಿಗಿದರೆ ಮತ್ತೆ ಕದಲದು.

ಕಿರುಸರಪಣಿಯ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಅದನ್ನು ಕೈಯಿಂದ ಪೂರ್ತಿ ಒಳಕ್ಕೆ ತಿರುಗಿಸಿ, ತಂತಿಯ ದಿಕ್ಕಿಗೆ ಸರಿಯಾಗಿ ಬಾಗುವಂತೆ ಅರ್ಧ ಸುತ್ತಿಗೆ ಮೀರದಂತೆ ಹಿಂದಕ್ಕೆ ಬಿಡಬೇಕು. ಅರೆಬರೆ ತಿರುಗಿಸಿದ ಸರಪಣಿಯ ಎಳೆಗಳು ಮರೆಯಾಗಿ ಹಾಳಾಗುತ್ತವೆ. ಸೈಕಲ್ಲು ಬಲಮಗ್ಗುಲಿಗೆ ಬಿದ್ದಾಗ ಮೊದಲು ಏಟು ತಿನ್ನುವುದೂ ಇದೇ.

ಈ ತಂತಿಗೂ ಒಂದು ಕಥೆಯಿದೆ. ಹೊರಕವಚದೊಳಗೆ ಜಾರುವ ಇಂಥ ತಂತಿಗೆ ಜಗತ್ತಿನಾದ್ಯಂತ ‘ಬೌಡನ್ ಕೇಬಲ್’ ಎಂದೇ ಹೆಸರು. ರ್ಯಾಲೆಯ ಒಡೆಯ ಫ್ರಾಂಕ್ ಬೌಡನ್ನನೇ ಇದರ ಜನಕನೆಂದು ಬಹಳ ಮಂದಿ ನಂಬಿದ್ದಾರೆ. ಅದು ಸುಳ್ಳು. ಪೇಟೆಂಟು ಪಡೆದವನು ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಎಂಬ ಬೇರೊಬ್ಬ; ವರ್ಷ ೧೮೯೬. ಹಬ್ಬಿನಲ್ಲಿ ಹೆಸರು ತಪ್ಪಿಸಿಕೊಂಡವನೊಬ್ಬನಾದರೆ ತಂತಿಯಲ್ಲಿ ಹೆಸರು ಹಂಚಿಕೊಂಡವರಿಬ್ಬರು.

ಎಣ್ಣೆಯೆಂಬ ಔಷಧಿ

ತಂತಿಯನ್ನು ಸರಿಪಡಿಸಿದರೂ ಗಿಯರು ಬೀಳದಿದ್ದರೆ ತಕ್ಷಣ ಸುತ್ತಿಗೆಯನ್ನೆತ್ತಬಾರದು. ಹಲವು ವರ್ಷ ನಿಂತಿದ್ದ ಹಬ್ಬಿನೊಳಗೆ ಹಳೆಯ ಎಣ್ಣೆ ಅಂಟಾಗಿ, ನಾಲಗೆಗಳು ಮಲಗಿದಲ್ಲೇ ಅಂಟಿಕೊಂಡಿರುತ್ತವೆ. ಹಬ್ಬಿನ ಮೈಮೇಲೆ ಮುಚ್ಚಳವುಳ್ಳ ಸಣ್ಣ ರಂಧ್ರವಿದೆ. ಅದರೊಳಗೆ ಒಂದು ಟೀ ಚಮಚದಷ್ಟು ತೆಳುವಾದ ಎಂಜಿನ್ ಎಣ್ಣೆಯನ್ನು ಬಿಟ್ಟು, ಚಕ್ರವನ್ನು ತಿರುಗಿಸಿ, ಒಂದು ರಾತ್ರಿ ಹಾಗೆಯೇ ಇಡಬೇಕು. ಬೆಳಗಾಗುವಷ್ಟರಲ್ಲಿ ಎಷ್ಟೋ ಹಬ್ಬುಗಳು ಮಾತನಾಡತೊಡಗುತ್ತವೆ. ಆಮೇಲೆ ತಿಂಗಳಿಗೊಮ್ಮೆ ನಾಲ್ಕಾರು ಹನಿ ಸಾಕು.

ಅಡಿಗೆಮನೆಯ ಕೊಬ್ಬರಿ ಎಣ್ಣೆ ಸಲ್ಲದು. ಚಳಿಗೆ ಹೆಪ್ಪುಗಟ್ಟಿ ಅದೇ ಹೊಸ ಕಾಯಿಲೆಯಾಗುತ್ತದೆ. ಗ್ರೀಸನ್ನು ನಾಲಗೆಗಳ ಮೇಲೆ ಮೆತ್ತುವುದೂ ತಪ್ಪು. ಗ್ರೀಸು ಬಾಲ್ಸುಗಳಿಗೆ, ಎಣ್ಣೆ ನಾಲಗೆಗಳಿಗೆ.

ಈ ಹಬ್ಬು ಬಲಪ್ರಯೋಗವನ್ನು ಸಹಿಸದು. ಗಿಯರು ಬದಲಿಸುವಾಗ ತುಳಿತವನ್ನು ಅರೆಕ್ಷಣ ಸಡಿಲಿಸಬೇಕು. ಸಾದಾ ಸೈಕಲ್ಲಿಗೆ ಹೊರಗಿನಿಂದ ಕಟ್ಟುವ ಗಿಯರುಗಳಿಗಿಲ್ಲದ ಸೌಲಭ್ಯವೊಂದು ಇದಕ್ಕಿದೆ: ಚೌಕದಲ್ಲಿ ಕೆಂಪು ದೀಪಕ್ಕೆ ನಿಂತಿರುವಾಗಲೇ ಲಿವರನ್ನು ಒಂದಕ್ಕೆಳೆದು ಹಗುರವಾಗಿ ಹೊರಡಬಹುದು.

ಬಿಚ್ಚಲೇಬೇಕಾದಾಗ

ಇಷ್ಟೆಲ್ಲ ಮಾಡಿದರೂ ಗಿಯರು ಜಾರುತ್ತಿದ್ದರೆ ಆಗ ಹಬ್ಬನ್ನು ಬಿಚ್ಚುವ ಮಾತು. ಕ್ಲಚ್ಚಿನ ಅಂಚುಗಳು ಸವೆದು ದುಂಡಾಗಿರಬಹುದು. ನಾಲಗೆಗಳ ಸ್ಪ್ರಿಂಗು ಮುರಿದಿರಬಹುದು. ಕೈಗುಣವುಳ್ಳ ಮೆಕಾನಿಕ್ಕನಿಗೆ ಇದು ಒಂದು ಮಧ್ಯಾಹ್ನದ ಕೆಲಸ.

ಎಡಗಡೆಯ ಕೋನನ್ನು ತೆಗೆದು, ಬಲಗಡೆ ಬಾಲ್ಸುಗಳಿರುವ ದೊಡ್ಡ ಬಳೆಯ ಕಚ್ಚಿಗೆ ಉಳಿಯಂಥ ತುಂಡನ್ನು ಆನಿಸಿ ಸುತ್ತಿಗೆಯಿಂದ ಎಡಕ್ಕೆ ತಟ್ಟಿದರೆ ಒಳಗಿನ ಯಂತ್ರವೆಲ್ಲ ಒಂದೇ ಗಂಟಾಗಿ ಹೊರಬರುತ್ತದೆ. ಆದರೆ ತಟ್ಟುವ ಮೊದಲು ಆ ಬಳೆಯ ಒಂದು ಕಚ್ಚು ಯಾವ ಕಡ್ಡಿಯ ಎದುರಿಗಿದೆಯೆಂದು ಗುರುತು ಹಾಕಿಕೊಳ್ಳಬೇಕು. ಬಳೆಯ ಮರೆಗೆ ಎರಡು ಬಾಯಿಗಳಿವೆ. ಮರಳಿ ಹಾಕುವಾಗ ಒಂದರ ಬದಲು ಇನ್ನೊಂದರಲ್ಲಿ ಕುಳಿತರೆ ಚಕ್ರವು ನಡುಗೆರೆ ತಪ್ಪಿ ಒಂದು ಮಗ್ಗುಲಿಗೆ ವಾಲುತ್ತದೆ. ಆಗ ಮೆಕಾನಿಕ್ಕನು ಕಾರಣ ತಿಳಿಯದೆ ಕಡ್ಡಿಗಳನ್ನೆಲ್ಲ ಎಳೆದು ಚಕ್ರವನ್ನು ತಿದ್ದಲು ಹೋಗುತ್ತಾನೆ. ಒಂದು ತುಂಡು ಸೀಮೆಸುಣ್ಣ ಉಳಿಸುವ ಶ್ರಮ ಇದು.

ಬಿಚ್ಚುವಾಗ ಕೆಳಗೆ ಬಿಳಿಯ ಬಟ್ಟೆ ಹಾಸಿರಬೇಕು. ನಾಲಗೆಗಳ ಸ್ಪ್ರಿಂಗುಗಳು ಕೂದಲಿನಂಥವು. ನೆಲಕ್ಕೆ ಹಾರಿದರೆ ಸಿಕ್ಕಲಾರವು. ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಡಬೇಕು. ಜೋಡಿಸುವಾಗ ಬಲಗಡೆಯ ಕೋನನ್ನು ಬೆರಳಿನಿಂದ ಬಿಗಿಯಾಗುವವರೆಗೆ ತಿರುಗಿಸಿ, ಅರ್ಧ ಸುತ್ತು ಹಿಂದಕ್ಕೆ ಬಿಟ್ಟು ಲಾಕು ಮಾಡಬೇಕು. ಅದನ್ನು ಮತ್ತೆ ಮುಟ್ಟಬಾರದು. ಮಿಕ್ಕ ಹೊಂದಾಣಿಕೆಯೆಲ್ಲ ಎಡಗಡೆಯ ಕೋನಿನಲ್ಲಿ. ರಿಮ್ಮನ್ನು ಹಿಡಿದು ಅಲುಗಿಸಿದಾಗ ಇದೆಯೋ ಇಲ್ಲವೋ ಎನ್ನುವಷ್ಟು ಆಟ ಉಳಿಯಬೇಕು. ಕೋನು ಅತಿಬಿಗಿಯಾದರೆ ತುಳಿಯುವುದನ್ನು ನಿಲ್ಲಿಸಿದಾಗಲೂ ಪೆಡಲು ಚಕ್ರದ ಜೊತೆಗೆ ತಿರುಗಲು ಹವಣಿಸುತ್ತದೆ, ಸರಪಣಿ ಜೋಲುತ್ತದೆ.

ಚಕ್ರವನ್ನು ಫ್ರೇಮಿಗೆ ಕೂರಿಸುವಾಗ ಆಕ್ಸಲ್ಲಿನ ಎರಡು ಕಡೆಯ ಹಲ್ಲಿನ ವಾಷರುಗಳನ್ನು ‘ಇವೇಕೆ?’ ಎಂದು ಬಿಸಾಡುವವರಿದ್ದಾರೆ. ನಡುವಣ ಸೂರ್ಯಚಕ್ರವು ಆಕ್ಸಲ್ಲಿನದೇ ಅಂಗ. ಅದು ನಿಶ್ಚಲವಾಗಿದ್ದರಲ್ಲವೆ ಗ್ರಹಗಳ ಆಟ? ವಾಷರುಗಳಿಲ್ಲದಿದ್ದರೆ ತುಳಿತದ ಬಲಕ್ಕೆ ಆಕ್ಸಲ್ಲೇ ತಿರುಗಿ ನಟ್ಟುಗಳು ಸಡಿಲವಾಗುತ್ತವೆ.

ಸಾಮಾನು ಎಲ್ಲಿ ಸಿಗುತ್ತದೆ?

ಮೆಕಾನಿಕ್ಕನ ಈ ಪ್ರಶ್ನೆಗೂ ಉತ್ತರವಿದೆ. ಆದರೆ ಅದು ನಾಟಿಂಗ್‌ಹ್ಯಾಮಿನಿಂದ ಬರುವುದಿಲ್ಲ. ಸಾವಿರಾರು ಜನ ದುಡಿಯುತ್ತಿದ್ದ ಆ ಊರಿನ ಕಾರ್ಖಾನೆಗಳು ಒಂದೊಂದಾಗಿ ಕರಗಿದವು. ಸ್ಟರ್ಮಿ-ಆರ್ಚರ್ ಸಂಸ್ಥೆಯು ೨೦೦೦ದಲ್ಲಿ ಕೈ ಬದಲಾಗಿ, ಅದೇ ವರ್ಷ ಮುಚ್ಚಿಹೋಯಿತು. ಶತಮಾನಕ್ಕೆ ಇನ್ನು ಎರಡೇ ವರ್ಷ ಉಳಿದಿತ್ತು. ಹೆಸರನ್ನೂ ಯಂತ್ರಗಳನ್ನೂ ತೈವಾನಿನ ಸನ್‌ರೇಸ್ ಕಂಪನಿ ಕೊಂಡು, ಯಂತ್ರಗಳನ್ನು ಹಡಗಿನಲ್ಲಿ ತುಂಬಿಸಿಕೊಂಡು ಹೋಗಿ, ೨೦೦೧ರಲ್ಲಿ ತನ್ನ ನೆಲದಲ್ಲಿ ತಯಾರಿಕೆಯನ್ನು ಮತ್ತೆ ಆರಂಭಿಸಿತು. ರ್ಯಾಲೆ ಕಾರ್ಖಾನೆಯ ನೆಲದಲ್ಲಿ ಈಗ ವಿಶ್ವವಿದ್ಯಾನಿಲಯದ ಕಟ್ಟಡಗಳು ನಿಂತಿವೆ.

ಇಂಗ್ಲೆಂಡಿನ ಬ್ರಾಂಪ್ಟನ್ ಎಂಬ ಮಡಚುವ ಸೈಕಲ್ಲಿನಲ್ಲಿ ಕೂಡ ಇಂದು ಟಿಕ್ಕೆನ್ನುವುದು ತೈವಾನಿನ ಈ ಹಬ್ಬೇ. ಈಚಿನ ಮಾದರಿಗಳಲ್ಲಿ ಎರಡಕ್ಕೂ ಮೂರಕ್ಕೂ ನಡುವಣ ಹಳ್ಳವನ್ನು ಮುಚ್ಚಿದ್ದಾರೆ. ಹಳೆಯ ಹಬ್ಬಿನಲ್ಲಿ ಮಾತ್ರ ಅದು ಇದ್ದೇ ಇದೆ. ತಂತಿ, ಲಿವರು, ಕಿರುಸರಪಣಿಗಳು ಈಗಲೂ ಹೊಸದಾಗಿ ತಯಾರಾಗುತ್ತಿವೆ. ಕಿರುಸರಪಣಿಯನ್ನು ಕೊಳ್ಳುವಾಗ ಆಕ್ಸಲ್ಲಿನ ಉದ್ದವನ್ನು ಅಳೆದು ಹೇಳಬೇಕು. ಒಂದೊಂದು ಉದ್ದಕ್ಕೆ ಒಂದೊಂದು ಅಳತೆಯದು ಬರುತ್ತದೆ. ಸರಿಯಾದ ಅಳತೆಯದನ್ನು ತಂದರೆ ತೈವಾನಿನ ಸರಪಣಿಯು ೧೯೫೮ರ ಜುಲೈ ತಿಂಗಳ ನಾಟಿಂಗ್‌ಹ್ಯಾಮಿನ ಹಬ್ಬಿನೊಳಗೆ ಬೆರಳಿನ ಒತ್ತಡಕ್ಕೇ ತಿರುಗಿ ಕೂರುತ್ತದೆ.